ಔಷಧವಿಲ್ಲದೆಯೂ ಎಚ್‌ಐವಿ ಅಡಗುವುದು ಹೇಗೆ?

ಎಚ್‌ಐವಿ ತಗುಲಿ ಔಷಧ ಸಿಗದೇ ಹೋದರೆ, ಹೆಚ್ಚಿನವರಲ್ಲಿ ಎಂಟು-ಹತ್ತು ವರ್ಷಗಳಲ್ಲಿ ಏಡ್ಸ್ ಕಾಣಿಸಿಕೊಳ್ಳುತ್ತದೆ. ಆದರೆ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಮಂದಿಯಲ್ಲಿ, ಒಂದು ಮಾತ್ರೆಯನ್ನೂ ನುಂಗದೆ, ವೈರಲ್ ಲೋಡ್ ಪರೀಕ್ಷೆಗೂ ಸಿಗದಷ್ಟು ವೈರಸ್ ತಗ್ಗಿರುತ್ತದೆ. ಇದು ಪಥ್ಯದಿಂದಲೋ ಮನೋಬಲದಿಂದಲೋ ಬಂದ ಫಲವಲ್ಲ. ಇದರಲ್ಲಿ ಹುಟ್ಟಿನಿಂದಲೇ ಬಂದ ವಂಶವಾಹಿಗಳ ಪಾತ್ರ ದೊಡ್ಡದು.

ಸೋಂಕು ಹೊಕ್ಕ ಜೀವಕೋಶ ತನ್ನೊಳಗಿನ ಪ್ರೋಟೀನ್‌ಗಳ ಚೂರುಗಳನ್ನು ಹೊರಮೈಗೆ ತಂದು ಎತ್ತಿ ತೋರಿಸುತ್ತದೆ. ಆ ಚೂರನ್ನು ಹಿಡಿದಿಟ್ಟುಕೊಳ್ಳುವುದು ಎಚ್‌ಎಲ್‌ಎ ಎಂಬ ಅಣು. ಸಿಡಿ8 ಟಿ ಕೋಶ ಅದನ್ನು ನೋಡಿ, ಪರಕೀಯವೆಂದು ಗುರುತಿಸಿದರೆ ಆ ಜೀವಕೋಶವನ್ನೇ ಕೊಲ್ಲುತ್ತದೆ. ಎಚ್‌ಎಲ್‌ಎ ಅಣುವಿನ ತೋಡಿನ ಆಕಾರ ಎಲ್ಲರಲ್ಲೂ ಒಂದೇ ಅಲ್ಲ. ಹಾಗಾಗಿ ಅದರಲ್ಲಿ ಕೂರುವ ಚೂರೂ ಬೇರೆ ಬೇರೆ. ಇಡೀ ವಿಷಯದ ಗುಟ್ಟು ಇಲ್ಲಿದೆ. ಬಿ57 ಎಂಬ ಎಚ್‌ಎಲ್‌ಎ ಮಾದರಿ ಇರುವವರಲ್ಲಿ ವೈರಸ್ಸಿನ ಒಳಕವಚ ಕಟ್ಟುವ ಗ್ಯಾಗ್ ಪ್ರೋಟೀನಿನ ಕೆಲವು ಚೂರುಗಳು ಚೆನ್ನಾಗಿ ಕೂರುತ್ತವೆ. ಆ ಪ್ರೋಟೀನಿನ 242ನೇ ಸ್ಥಾನದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ವೈರಸ್ ಟಿ ಕೋಶದ ಕಣ್ತಪ್ಪಿಸಬಹುದು, ನಿಜ. ಆದರೆ ಕವಚದ ಆ ಭಾಗ ಅದರ ಬದುಕಿಗೇ ಬೇಕಾದದ್ದು. ಬದಲಾದರೆ ಅದರ ವೃದ್ಧಿಯೇ ಕುಂಠಿತವಾಗುತ್ತದೆ. ತಪ್ಪಿಸಿಕೊಂಡರೂ ಸೊರಗುತ್ತದೆ. ಬಿ27 ಕೊಡುವ ರಕ್ಷಣೆಯೂ ಹೆಚ್ಚುಕಡಿಮೆ ಇದೇ ಬಗೆಯದು. ಬಿ35ರ ಕೆಲವು ಮಾದರಿಗಳಲ್ಲಿ ಮಾತ್ರ ರೋಗ ಬೇಗ ಉಲ್ಬಣಿಸುತ್ತದೆ.

2010ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಸೋಂಕನ್ನು ತಾವೇ ಹತೋಟಿಯಲ್ಲಿಟ್ಟ 974 ಮಂದಿಯ ಜೀನೋಮನ್ನು ರೋಗ ಉಲ್ಬಣಿಸಿದ 2,648 ಮಂದಿಯದರೊಂದಿಗೆ ಹೋಲಿಸಿತು. ಗಣನೀಯವಾಗಿ ಕಂಡ ವ್ಯತ್ಯಾಸಗಳೆಲ್ಲ 6ನೇ ವರ್ಣತಂತುವಿನ ಎಚ್‌ಎಲ್‌ಎ ಭಾಗದಲ್ಲೇ ಇದ್ದವು.

ಸಿಸಿಆರ್5 ವಂಶವಾಹಿಯದು ಬೇರೆ ಕಥೆ. ಹೆಚ್ಚಿನ ಎಚ್‌ಐವಿ ತಳಿಗಳು ಜೀವಕೋಶದೊಳಗೆ ನುಗ್ಗುವ ಬಾಗಿಲನ್ನು ಕಟ್ಟುವುದು ಅದೇ. ಅದರಲ್ಲಿ ಡಿಎನ್‌ಎಯ 32 ಅಕ್ಷರಗಳು ಅಳಿಸಿಹೋದ ಪ್ರತಿ ತಂದೆ-ತಾಯಿ ಇಬ್ಬರಿಂದಲೂ ಬಂದಿದ್ದರೆ ಆ ಬಾಗಿಲೇ ಇರುವುದಿಲ್ಲ. ಉತ್ತರ ಯುರೋಪಿನಲ್ಲಿ ಸುಮಾರು ನೂರಕ್ಕೆ ಒಬ್ಬರು ಹೀಗಿದ್ದಾರೆ, ಭಾರತೀಯರಲ್ಲಿ ತೀರಾ ಅಪರೂಪ. ಅಂಥ ದಾನಿಯ ಆಕರಕೋಶ ಪಡೆದೇ ಬರ್ಲಿನ್‌ನಲ್ಲಿ ಟಿಮೊತಿ ರೇ ಬ್ರೌನ್ ಎಂಬವರು ಎಚ್‌ಐವಿಯಿಂದ ಮುಕ್ತರಾದದ್ದು.

ಇದನ್ನೋದಿ ಯಾರೂ ಮಾತ್ರೆ ನಿಲ್ಲಿಸಬಾರದು. ಬಿ57 ಇದ್ದವರಲ್ಲೂ ಬಹಳಷ್ಟು ಜನರಿಗೆ ರೋಗ ಉಲ್ಬಣಿಸಿದೆ. ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ಚಿಕಿತ್ಸೆ ಉಚಿತ, ವಂಶವಾಹಿ ಯಾವುದೇ ಇರಲಿ ಅದು ಬೇಕೇ ಬೇಕು. ಬಿ57ರದೇ ಒಂದು ಉಪಮಾದರಿಯಾದ ಬಿ5701 ಇರುವವರಿಗಂತೂ ಅಬಕಾವಿರ್ ಎಂಬ ಎಚ್‌ಐವಿ ಔಷಧ ಪ್ರಾಣಾಪಾಯದ ಅಲರ್ಜಿ ತರಬಲ್ಲದು. ಆ ಮಾತ್ರೆ ಶುರು ಮಾಡುವ ಮುಂಚೆ ಬಿ5701 ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ನುಂಗಿದ ಮೇಲೆ ಜ್ವರ, ಮೈಮೇಲೆ ಗಂಧೆ, ವಾಂತಿ ಒಟ್ಟಿಗೆ ಕಾಣಿಸಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅಲರ್ಜಿಯೆಂದು ಒಮ್ಮೆ ನಿಲ್ಲಿಸಿದ ಅಬಕಾವಿರನ್ನು ಮತ್ತೆ ಎಂದೂ ನುಂಗಬಾರದು.