ನೆರೆಮನೆಯ ಬೆಕ್ಕು, ನಮ್ಮ ಹಿತ್ತಿಲು

ಚಿಕಿತ್ಸಾಲಯಕ್ಕೆ ಬರುವವರು ಹೇಳಿಕೊಳ್ಳುವ ದೂರುಗಳೆಲ್ಲವೂ ದೇಹಕ್ಕೆ ಸಂಬಂಧಿಸಿದವೇ ಆಗಿರುವುದಿಲ್ಲ. ನಾಡಿ ತೋರಿಸಿ, ಔಷಧದ ಚೀಟಿ ಪಡೆದು, ಬಾಗಿಲವರೆಗೆ ಹೋದವರು ಹಿಂದಿರುಗಿ "ಡಾಕ್ಟರೇ, ಇನ್ನೊಂದು ಮಾತು" ಎನ್ನುತ್ತಾರೆ. ಆ ಇನ್ನೊಂದು ಮಾತು ಈಚೆಗೆ ಹಲವು ಸಲ ಬೆಕ್ಕಿನದಾಗಿದೆ. ಪಕ್ಕದ ಮನೆಯವರು ಬೆಕ್ಕು ಸಾಕಿದ್ದಾರೆ. ಅದು ನಮ್ಮ ಹಿತ್ತಿಲಿನಲ್ಲಿ ಮಲವಿಸರ್ಜನೆ ಮಾಡುತ್ತದೆ. ಮನೆಯಲ್ಲಿ ಬಸುರಿ ಇದ್ದಾಳೆ, ಎಳೆಯ ಮಗುವಿದೆ. ಹೇಳಿದರೆ ಜಗಳ, ಹೇಳದಿದ್ದರೆ ಭಯ. ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರಿಸುವ ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳುವುದು ಉಚಿತ.

ನಮ್ಮ ಮನೆಯ ಹಿಂದೆ ಚಿಕ್ಕದೊಂದು ಔಷಧಿ ತೋಟವಿದೆ. ತುಳಸಿ, ದೊಡ್ಡಪತ್ರೆ, ಒಂದೆಲಗ, ಅಮೃತಬಳ್ಳಿ ಇವಿಷ್ಟೇ ಅದರ ಸಂಪತ್ತು. ಮಗಳು ಏಳನೆಯ ತಿಂಗಳಿನಲ್ಲಿ ತವರಿಗೆ ಬಂದಾಗ ಒಂದೆಲಗದ ತಂಬುಳಿಯನ್ನು ಬಯಸಿದಳು. ಸೊಪ್ಪು ಕೊಯ್ಯಲು ಹೋದ ನಮ್ಮ ಮನೆಯವರಿಗೆ ಪಾತಿಯಲ್ಲಿ ಬೆಕ್ಕಿನ ಮಲ ಕಾಣಿಸಿತು. ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ನಿವೃತ್ತ ಶಿಕ್ಷಕಿಯೊಬ್ಬರು ಒಂದು ತಾಯಿಬೆಕ್ಕನ್ನೂ ಅದರ ಎರಡು ಮರಿಗಳನ್ನೂ ಸಾಕಿದ್ದರು. ನಮಗೆ ಸಿಟ್ಟು ಬಂದಿತು. ಹೋಗಿ ಮಾತನಾಡುವ ಬದಲು, ಪಾತಿಯ ಸುತ್ತಲೂ ದಿನವೂ ಬೆಳಿಗ್ಗೆ ಫಿನಾಯಿಲ್ ಚಿಮುಕಿಸತೊಡಗಿದೆವು. ವಾಸನೆಗೆ ಬೆಕ್ಕು ದೂರವಾಗುವುದೆಂಬುದು ನಮ್ಮ ಎಣಿಕೆಯಾಗಿತ್ತು.

ಮೂರನೆಯ ದಿನ ಸಂಜೆ ಆ ತಾಯಿ ನಮ್ಮ ಬಾಗಿಲಿಗೇ ಬಂದರು. ಸೆರಗಿನಲ್ಲಿ ಒಂದು ಮರಿ ಇತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮೈ ನಡುಗುತ್ತಿತ್ತು, ನಿಲ್ಲಲು ಶಕ್ತಿಯಿರಲಿಲ್ಲ. "ನೀವು ವೈದ್ಯರು, ಏನಾದರೂ ಮಾಡಿ" ಎಂದರು. ಮರಿಯ ಪಾದಗಳಿಂದ ಬರುತ್ತಿದ್ದ ವಾಸನೆ ನಮಗೆ ಕೂಡಲೇ ಅರ್ಥವಾಯಿತು. ಅದರ ಕಾಲುಗಳನ್ನು ಸೋಪಿನಿಂದ ತೊಳೆದು, ನಾವೇ ಆಟೋ ಕರೆದು ಪಶುವೈದ್ಯರ ಬಳಿಗೆ ಒಯ್ದೆವು. ಮರಿ ನಾಲ್ಕು ದಿನ ನರಳಿ ಬದುಕಿತು. ಮರಳುವ ದಾರಿಯಲ್ಲಿಯೇ ಆ ತಾಯಿಗೆ ನಿಜವನ್ನು ಹೇಳಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಮೊದಲೇ ನನಗೆ ಹೇಳಬಹುದಿತ್ತಲ್ಲ" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಬೆಕ್ಕಿನ ಯಕೃತ್ತಿಗೆ ಕೆಲವು ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬಹಳ ಕಡಿಮೆ. ಅದು ಮೈಯನ್ನೂ ಪಾದವನ್ನೂ ನೆಕ್ಕಿ ಶುಚಿಮಾಡಿಕೊಳ್ಳುವ ಪ್ರಾಣಿಯಾದುದರಿಂದ, ನೆಲದ ಮೇಲೆ ಚೆಲ್ಲಿದ್ದು ಹೊಟ್ಟೆಗೆ ಸೇರುತ್ತದೆ. ಫಿನಾಯಿಲ್, ನುಸಿಗುಳಿಗೆ, ಕರ್ಪೂರ, ನೀಲಗಿರಿ ತೈಲ ಇವು ಅದಕ್ಕೆ ವಿಷ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಓಡಿಸಲೆಂದು ಬಳಸಿದ ವಸ್ತು ಕೊಲ್ಲುವ ವಸ್ತುವಾಗುವುದು ಹೀಗೆ.

ಭಯದಲ್ಲಿ ನಿಜವೆಷ್ಟು?

ಬಸುರಿಯರ ವಿಷಯದಲ್ಲಿ ಜನರು ಕೇಳಿರುವ ರೋಗದ ಹೆಸರು ಟಾಕ್ಸೋಪ್ಲಾಸ್ಮೋಸಿಸ್. ಕಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿಯಿಂದ ಇದು ಬರುತ್ತದೆ. ಗರ್ಭಿಣಿಗೆ ಮೊದಲ ಬಾರಿ ಈ ಸೋಂಕು ತಗುಲಿದರೆ ಅದು ಗರ್ಭಸ್ಥ ಶಿಶುವಿಗೂ ದಾಟಿ, ಅದರ ಕಣ್ಣು ಮತ್ತು ಮಿದುಳಿಗೆ ಹಾನಿ ಮಾಡಬಹುದು. ಆದುದರಿಂದ ಭಯವು ನಿರಾಧಾರವಲ್ಲ.

ಆದರೆ ಅದರ ಮಿತಿಯನ್ನೂ ತಿಳಿಯಬೇಕು. ಬೆಕ್ಕು ಸಾಮಾನ್ಯವಾಗಿ ತನಗೆ ಮೊದಲು ಸೋಂಕು ತಗುಲಿದಾಗ, ಒಂದರಿಂದ ಮೂರು ವಾರಗಳ ಕಾಲ ಮಾತ್ರ ಈ ಜೀವಿಯ ಕೋಶಗಳನ್ನು ಮಲದಲ್ಲಿ ಹೊರಹಾಕುತ್ತದೆ. ಹೊರಬಿದ್ದ ಕೋಶಗಳು ಸೋಂಕು ತಗುಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಆದುದರಿಂದ ಅಂದಂದಿನ ಮಲವನ್ನು ಅಂದಂದೇ ತೆಗೆದರೆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ತೆಗೆಯದೆ ಬಿಟ್ಟರೆ ತೇವದ ಮಣ್ಣಿನಲ್ಲಿ ಅವು ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ. ಈ ರೋಗ ಬೆಕ್ಕನ್ನು ಮುಟ್ಟಿದ ಮಾತ್ರಕ್ಕೆ ಬರುವುದಿಲ್ಲ. ಮಣ್ಣಾದ ಕೈ, ತೊಳೆಯದ ಸೊಪ್ಪು, ಶುದ್ಧವಲ್ಲದ ನೀರು, ಸರಿಯಾಗಿ ಬೇಯದ ಮಾಂಸ ಇವುಗಳಿಂದ ಬರುತ್ತದೆ. ಸಸ್ಯಾಹಾರಿಗಳಾದ ನಮಗೆ ಇದು ಬಾರದು ಎಂಬ ನಂಬಿಕೆ ಸರಿಯಲ್ಲ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೆಂತ್ಯ, ಮೂಲಂಗಿಗಳೇ ನಮ್ಮ ಮನೆಗಳಲ್ಲಿ ಎಚ್ಚರ ಬೇಡುವ ಪದಾರ್ಥಗಳು.

ನಮ್ಮ ಮಗಳಿಗೆ ಸ್ತ್ರೀರೋಗತಜ್ಞೆಯವರು ರಕ್ತಪರೀಕ್ಷೆ ಮಾಡಿಸಿದರು. ಹಿಂದೆಂದೂ ಸೋಂಕು ತಗುಲಿದ ಗುರುತಿಲ್ಲವೆಂದು ತಿಳಿಯಿತು. ಮನೆಯವರು ಸಂತೋಷಪಟ್ಟರು. ಆದರೆ ಅದರ ಅರ್ಥ, ರೋಗವೂ ಇಲ್ಲ, ಅದನ್ನು ತಡೆಯುವ ಶಕ್ತಿಯೂ ದೇಹದಲ್ಲಿ ಹುಟ್ಟಿಲ್ಲ ಎಂದು. ಹೆರಿಗೆಯವರೆಗೆ ಅವಳು ಮಣ್ಣು ಮುಟ್ಟಲಿಲ್ಲ. ತಂಬುಳಿಯ ಸೊಪ್ಪನ್ನು ಚೆನ್ನಾಗಿ ತೊಳೆದು, ಬಾಡಿಸಿಯೇ ಅರೆಯುತ್ತಿದ್ದೆವು.

ಎರಡನೆಯ ಭಯ ಕಚ್ಚುವಿಕೆ ಮತ್ತು ಪರಚುವಿಕೆಯದು. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಹಲ್ಲು ಮತ್ತು ಉಗುರುಗಳಲ್ಲಿ ವಿಷವುಳ್ಳ ಪ್ರಾಣಿಗಳನ್ನು ಎಣಿಸುವಾಗ ಬೆಕ್ಕನ್ನೂ ಹೇಳಿದೆ. ಹುಚ್ಚು ಪ್ರಾಣಿ ಕಚ್ಚಿದವನಿಗೆ ನೀರಿನ ಭಯ ಕಾಣಿಸಿಕೊಂಡರೆ ಅವನು ಉಳಿಯಲಾರನೆಂಬುದನ್ನೂ ಆಚಾರ್ಯರು ಗುರುತಿಸಿದ್ದರು. ರೇಬಿಸ್ ರೋಗ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ. ಇಲ್ಲಿ ನಾವು ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ. ಜೀವನವಿಡೀ ಗಿಡಮೂಲಿಕೆಗಳನ್ನೇ ನಂಬಿ ವೈದ್ಯವೃತ್ತಿ ನಡೆಸಿದ ನಾವೇ ಹೇಳುತ್ತೇವೆ: ರೇಬಿಸ್ ತಡೆಯಲು ಲಸಿಕೆಗೆ ಬದಲಾಗಿ ಯಾವ ಮೂಲಿಕೆಯೂ ಇಲ್ಲ. ಬೆಕ್ಕು ಕಚ್ಚಿದರೆ ಅಥವಾ ಚರ್ಮ ಹರಿಯುವಂತೆ ಪರಚಿದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಾಯವನ್ನು ತೊಳೆಯಬೇಕು. ಅರಿಸಿನ, ಸುಣ್ಣ, ಖಾರದಪುಡಿ ಯಾವುದನ್ನೂ ಮೆತ್ತಬಾರದು. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಪ್ರಾರಂಭಿಸಬೇಕು, ವೈದ್ಯರು ಹೇಳಿದ ದಿನಗಳನ್ನು ತಪ್ಪಿಸಬಾರದು. ರಕ್ತ ಬಂದ ಗಾಯವಾದರೆ ಲಸಿಕೆಯೊಂದಿಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ.

ಮಕ್ಕಳಲ್ಲಿ ಪರಚಿದ ಗಾಯದ ನಂತರ ಕಂಕುಳಲ್ಲಿ ಅಥವಾ ಕುತ್ತಿಗೆಯಲ್ಲಿ ಗಂಟು ಬಂದು ಜ್ವರ ಕಾಣಿಸಿದರೆ ಅದನ್ನೂ ವೈದ್ಯರಿಗೆ ತೋರಿಸಬೇಕು. ತಮಕ ಶ್ವಾಸ, ಅಂದರೆ ಆಸ್ತಮಾ ಇರುವ ಕೆಲವರಿಗೆ ಬೆಕ್ಕಿನ ಜೊಲ್ಲು ಮತ್ತು ಚರ್ಮದ ಸೂಕ್ಷ್ಮ ಕಣಗಳಿಂದ ಉಬ್ಬಸ ಹೆಚ್ಚುವುದುಂಟು. ಅಂಥವರ ಹಾಸಿಗೆಯ ಮೇಲೆ ಬೆಕ್ಕು ಮಲಗದಂತೆ ಕಿಟಕಿಗೆ ಜಾಲರಿ ಹಾಕಿಸುವುದು ಒಳ್ಳೆಯದು.

ಹಿತ್ತಿಲನ್ನು ಕಾಯುವ ಬಗೆ

ಬೆಕ್ಕು ಬರುವುದು ಮೂರು ಕಾರಣಕ್ಕೆ: ತಿನ್ನಲು ಸಿಗುತ್ತದೆಂದು, ಅಗೆಯಲು ಸಡಿಲವಾದ ಒಣಮಣ್ಣು ಇದೆಯೆಂದು, ಮೊದಲು ಬಂದುಹೋದ ತನ್ನದೇ ವಾಸನೆ ಅಲ್ಲಿದೆಯೆಂದು. ಈ ಮೂರನ್ನೂ ಇಲ್ಲವಾಗಿಸಿದರೆ ಬರುವುದು ತಾನಾಗಿ ಕಡಿಮೆಯಾಗುತ್ತದೆ.

ಹಾಲು, ಮೊಸರಿನ ಪಾತ್ರೆಗಳನ್ನು ಮುಚ್ಚಿಡಬೇಕು. ಮುಸುರೆ ಮತ್ತು ಕಸದ ಬುಟ್ಟಿಗೆ ಭದ್ರವಾದ ಮುಚ್ಚಳ ಬೇಕು. ಪಾತಿಯ ಮಣ್ಣಿನ ಮೇಲೆ ಕೋಳಿಜಾಲರಿ ಹಾಸಿ, ಅದರ ಮೇಲೆ ತೆಳುವಾಗಿ ಮಣ್ಣು ಹರಡಿದರೆ ಗಿಡಗಳು ಜಾಲರಿಯ ಕಣ್ಣುಗಳಿಂದ ಮೇಲೇಳುತ್ತವೆ, ಬೆಕ್ಕಿಗೆ ಅಗೆಯಲು ಆಗುವುದಿಲ್ಲ. ಗುಂಡುಕಲ್ಲುಗಳನ್ನು ಒತ್ತಾಗಿ ಜೋಡಿಸಿದರೂ ಆದೀತು. ಸಂಜೆ ನೀರುಣಿಸಿ ಮಣ್ಣನ್ನು ತೇವವಾಗಿಡಬೇಕು. ಒದ್ದೆ ನೆಲವನ್ನು ಬೆಕ್ಕು ಇಷ್ಟಪಡುವುದಿಲ್ಲ. ಮಕ್ಕಳು ಆಡುವ ಅಥವಾ ಮನೆಕಟ್ಟಲು ತರಿಸಿದ ಮರಳಿನ ರಾಶಿಯನ್ನು ತಾಡಪಾಲಿನಿಂದ ಮುಚ್ಚಬೇಕು. ಮಲವನ್ನು ಕೈಗವಸು ಧರಿಸಿ ದಿನವೂ ತೆಗೆದು, ಕೈಗಳನ್ನು ಸೋಪಿನಿಂದ ತೊಳೆಯಬೇಕು. ಈ ಕೆಲಸ ಬಸುರಿಯರಿಗೆ ಬೇಡ. ಮೂತ್ರದ ಜಾಗವನ್ನು ಸೋಪುನೀರಿನಿಂದ ತಿಕ್ಕಿ ಬಿಸಿಲಿಗೆ ಒಣಗಿಸಬೇಕು. ಅಮೋನಿಯಾ ಇರುವ ದ್ರಾವಣ ಬೇಡ. ಅದು ಬೆಕ್ಕಿನ ಮೂತ್ರದಂತೆಯೇ ನಾರಿ ಮತ್ತೆ ಕರೆಯುತ್ತದೆ.

ಕೆಲವರು ಬೆಕ್ಕನ್ನು ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುತ್ತಾರೆ. ಅದು ಹಸಿವಿನಿಂದ ಸಾಯುತ್ತದೆ, ಇಲ್ಲವೇ ಹಿಂದಿರುಗುತ್ತದೆ; ಬಿಟ್ಟುಹೋದ ಜಾಗಕ್ಕೆ ಮತ್ತೊಂದು ಬೆಕ್ಕು ಬರುತ್ತದೆ. ವಿಷವಿಡುವುದಂತೂ ಘೋರ ತಪ್ಪು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಅದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಪ್ರಾಣಿಗೆ ವಿಷವಿಕ್ಕಿದವರಿಗೆ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಗೋಡೆಯಾಚೆಗಿನ ಮಾತು

ಇವೆಲ್ಲವೂ ಅರ್ಧ ಪರಿಹಾರ. ಉಳಿದರ್ಧ ನೆರೆಯವರ ಬಳಿ ಇದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಕಾಯುತ್ತ ಕುಳಿತರೆ ಸಿಟ್ಟು ಬೆಳೆಯುತ್ತದೆ. ಹೋಗಿ ಹೇಳಬೇಕು, ಬೆಕ್ಕನ್ನು ಬೈಯದೆ, ತೊಂದರೆಯನ್ನಷ್ಟೇ ಹೇಳಬೇಕು. "ನಿಮ್ಮ ಬೆಕ್ಕು ಹೊಲಸು ಮಾಡಿತು" ಎಂಬ ಮಾತಿಗೂ "ಮನೆಯಲ್ಲಿ ಬಸುರಿ ಇದ್ದಾಳೆ, ನಿಮ್ಮ ಸಹಾಯ ಬೇಕು" ಎಂಬ ಮಾತಿಗೂ ಬರುವ ಉತ್ತರ ಬೇರೆ ಬೇರೆ.

ಸಾಕುವವರಿಂದ ಮೂರು ವಿಷಯಗಳನ್ನು ಕೇಳಬಹುದು. ಮೊದಲನೆಯದು, ಮೂರು ತಿಂಗಳು ತುಂಬಿದ ಬೆಕ್ಕಿಗೆ ರೇಬಿಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ಮರುಲಸಿಕೆ. ಎರಡನೆಯದು, ಅವರದೇ ಅಂಗಳದಲ್ಲಿ ಮರಳು ತುಂಬಿದ ಒಂದು ತಟ್ಟೆ. ಮೂರನೆಯದು, ಸಂತಾನಹರಣ ಶಸ್ತ್ರಚಿಕಿತ್ಸೆ. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಲ್ಲೇ ಗರ್ಭ ಧರಿಸಬಲ್ಲದು, ಸುಮಾರು 65 ದಿನಗಳಲ್ಲಿ ಮರಿಹಾಕುತ್ತದೆ. ವರ್ಷಕ್ಕೆ ಎರಡು ಮೂರು ಸೂಲು ಸಾಮಾನ್ಯ. ಶಸ್ತ್ರಚಿಕಿತ್ಸೆಯಾದ ಗಂಡುಬೆಕ್ಕಿನ ಅಲೆದಾಟ, ಕಾದಾಟ, ಗೋಡೆಗೆ ಮೂತ್ರ ಸಿಡಿಸುವುದು ಎಲ್ಲವೂ ತಗ್ಗುತ್ತವೆ.

ಆ ತಾಯಿ ಲಸಿಕೆಗೂ ಶಸ್ತ್ರಚಿಕಿತ್ಸೆಗೂ ಕೂಡಲೇ ಒಪ್ಪಿದರು. ಆದರೆ ಪಿಂಚಣಿಯಲ್ಲಿ ಮೂರು ಬೆಕ್ಕುಗಳ ಖರ್ಚು ಅವರಿಗೆ ಭಾರವಾಗಿತ್ತು. ಅರ್ಧವನ್ನು ನಾವು ಕೊಟ್ಟೆವು. ಅದನ್ನು ದಾನವೆಂದು ಎಣಿಸಿಲ್ಲ, ನಮ್ಮ ತಪ್ಪಿನ ಋಣವೆಂದೇ ತಿಳಿದಿದ್ದೇವೆ.

ಮಗಳಿಗೆ ಸುಖಪ್ರಸವವಾಯಿತು. ಮೊಮ್ಮಗ ಈಗ ತಪ್ಪುಹೆಜ್ಜೆ ಇಡುತ್ತಿದ್ದಾನೆ. ಅಂದು ಬದುಕಿದ ಮರಿ ಬೆಳೆದು ದೊಡ್ಡ ಬೆಕ್ಕಾಗಿ ನಮ್ಮಿಬ್ಬರ ನಡುವಿನ ಗೋಡೆಯ ಮೇಲೆ ಬಿಸಿಲು ಕಾಯಿಸುತ್ತದೆ. ನಮ್ಮನ್ನು ಕಂಡರೆ ಇಂದಿಗೂ ಇಳಿದು ಆಚೆಗೆ ಹೋಗುತ್ತದೆ. ಒಂದೆಲಗದ ಪಾತಿಗೆ ಜಾಲರಿ ಇದೆ. ಆ ತಾಯಿ ತಿಂಗಳಿಗೊಮ್ಮೆ ಒಂದು ಹಿಡಿ ಸೊಪ್ಪು ಕೇಳಿ ಪಡೆಯುತ್ತಾರೆ. ತೊಳೆದುಕೊಳ್ಳಿ ಎಂದು ಪ್ರತಿಸಲವೂ ನಾವು ಹೇಳುತ್ತೇವೆ.