ಹುಬ್ಬಿನ ಗೆರೆ: ಕತ್ತರಿಗೂ ಮೊದಲು ಕನ್ನಡಕ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಾತಿಗಿಂತ ಮೊದಲು ಕಿವಿಗೆ ಬೀಳುವುದು ಪಾವರ್‌ಲೂಮ್ ಸದ್ದು. ಎಳೆಯೊಂದು ಹರಿದರೆ ನೇಕಾರರು ಮಗ್ಗ ನಿಲ್ಲಿಸಿ, ಹಾಸಿನ ಮೇಲೆ ಬಾಗಿ, ಹರಿದ ತುದಿ ಹುಡುಕಿ ಗಂಟು ಹಾಕುತ್ತಾರೆ. ಕೂದಲಿನಷ್ಟು ಸಣ್ಣ ಎಳೆ ಅದು. ಕಣ್ಣು ಕಿರಿದಾಗುತ್ತದೆ, ಹುಬ್ಬು ತಾನಾಗಿಯೇ ಗಂಟಿಕ್ಕುತ್ತದೆ. ಹೀಗೆ ವರ್ಷಗಟ್ಟಲೆ ದುಡಿದವರ ಹುಬ್ಬುಗಳ ನಡುವೆ ಆಳವಾದ ಗೆರೆಗಳು ನಿಂತುಬಿಡುತ್ತವೆ. ಮನಸ್ಸು ಹಗುರಾಗಿದ್ದರೂ ಎದುರಾದವರು, “ಯಾಕ ಕಾಕಾ, ಸಿಟ್ಟಾಗೀರೇನು?” ಅಂತಾರೆ.

ಹುಬ್ಬನ್ನು ಒಳಕ್ಕೆಳೆಯುವ ಸ್ನಾಯು ಕಾರುಗೇಟರ್, ಕೆಳಕ್ಕೆಳೆಯುವುದು ಪ್ರೊಸೀರಸ್. ವಯಸ್ಸಾದಂತೆ, ಬಿಸಿಲು ಬಿದ್ದಂತೆ ಚರ್ಮದ ಕಸುವು ಕುಗ್ಗಿ, ಮಡಿಕೆ ಮಾಯದೆ ಉಳಿಯುತ್ತದೆ. ಈ ಗೆರೆ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಕೂದಲಂಚಿನ ಹಿಂದೆ ಸಣ್ಣದಾಗಿ ಕೊಯ್ದು, ಎಂಡೋಸ್ಕೋಪ್ ತೂರಿಸಿ, ಈ ಸ್ನಾಯುಗಳನ್ನು ದುರ್ಬಲಗೊಳಿಸಿ ಹುಬ್ಬನ್ನು ಮೇಲೆತ್ತುತ್ತಾರೆ. ಹಣೆಯ ನರಗಳು ಅಲ್ಲಿಯೇ ಹಾದುಹೋಗುವುದರಿಂದ ನೆತ್ತಿ ಜೋಮು ಹಿಡಿಯುವ ಅಪಾಯವಿದೆ.

ಈಗ ಹೆಚ್ಚಿನವರು ಆರಿಸಿಕೊಳ್ಳುವುದು ಬೊಟಾಕ್ಸ್ ಚುಚ್ಚುಮದ್ದು. ಅದು ಹುಟ್ಟಿದ್ದು ಕಣ್ಣಿನ ಚಿಕಿತ್ಸೆಯಿಂದ. 1987ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನೇತ್ರತಜ್ಞೆ ಜೀನ್ ಕರುದರ್ಸ್ ರೆಪ್ಪೆಯ ಸೆಳೆತಕ್ಕೆ ಈ ಮದ್ದು ಕೊಡುತ್ತಿದ್ದಾಗ ಹುಬ್ಬಿನ ಗೆರೆಗಳು ಮಾಯವಾದದ್ದು ಗೊತ್ತಾಯಿತು. ಚರ್ಮತಜ್ಞರಾಗಿದ್ದ ಪತಿ ಅಲಸ್ಟೇರ್ ಜೊತೆ ಸೇರಿ ಅವರು ಅದನ್ನೇ ಬೆಳೆಸಿದರು. ಹುಬ್ಬಿನ ಗೆರೆಗೆ ಇದನ್ನು ಬಳಸಲು 2002ರಲ್ಲಿ ಅಮೆರಿಕ ಒಪ್ಪಿತು. ಸಾಮಾನ್ಯವಾಗಿ 5 ಕಡೆ ಸೇರಿ 20 ಯೂನಿಟ್. ಗುಣ ಉಳಿಯುವುದು ಮೂರ್ನಾಲ್ಕು ತಿಂಗಳು. ಮತ್ತೆ ಚುಚ್ಚಿಸಬೇಕು. ನೇಯ್ದಷ್ಟಕ್ಕೇ ಕೂಲಿ ಪಡೆಯುವವರು ದೂರದ ಊರಿಗೆ ಹೋಗಿಬಂದರೆ ಚಿಕಿತ್ಸೆಯ ಖರ್ಚಿನ ಜೊತೆಗೆ ಆ ದಿನದ ದುಡಿಮೆಯೂ ಹೋಯಿತು.

ಮುಖ ಚೆನ್ನಾಗಿ ಕಾಣಬೇಕೆಂಬ ಆಸೆ ಯಾರಿಗಾದರೂ ಇರಬಹುದು, ತಪ್ಪೇನಿಲ್ಲ. ನನ್ನ ಆತಂಕ ಸೂಜಿ ಹಿಡಿದ ಕೈ ಯಾರದು ಎಂಬುದು. ಗೆರೆಯ ತಗ್ಗು ತುಂಬಿಸುವ ಫಿಲ್ಲರ್ ಎಂಬ ಮದ್ದನ್ನು ಹುಬ್ಬಿನ ನಡುವೆ ಚುಚ್ಚುವಾಗ ಅದು ರಕ್ತನಾಳಕ್ಕೆ ಸೇರಿದರೆ ಕಣ್ಣೇ ಹೋಗಬಹುದು. ಬ್ಯೂಟಿ ಪಾರ್ಲರ್‌ನಲ್ಲಿ ಮಾಡಿಸುವ ಕೆಲಸವಲ್ಲ ಇದು. ಚುಚ್ಚುವವರು ಚರ್ಮತಜ್ಞರೋ ಪ್ಲಾಸ್ಟಿಕ್ ಸರ್ಜನ್ನರೋ ಆಗಿರಬೇಕು. ಚಂದಕ್ಕೆಂದು ಮಾಡಿಸುವ ಚಿಕಿತ್ಸೆ ಜೀವವನ್ನೇ ತೆಗೆದದ್ದೂ ಉಂಟು: 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಗೆ ಹೋದ ಕಿರುತೆರೆ ನಟಿ ಚೇತನಾ ರಾಜ್ ಜೀವಂತ ಮರಳಲಿಲ್ಲ. ಆಕೆಗಿನ್ನೂ 21 ವರ್ಷ.

ನೇಕಾರರ ಹುಬ್ಬಿನ ಗೆರೆಗೆ ಮೊದಲು ತೋರಿಸಬೇಕಾದದ್ದು ಕಣ್ಣನ್ನು. ನಲವತ್ತು ದಾಟಿದರೆ ಹತ್ತಿರದ್ದು ಮಸುಕಾಗುವುದು ಸಹಜ. ಮಸುಕಾದಷ್ಟೂ ಹುಬ್ಬು ಬಿಗಿಯುತ್ತದೆ. ಕನ್ನಡಕ ಹಳೆಯ ಗೆರೆ ಅಳಿಸದು, ಆದರೆ ಅದನ್ನು ದಿನವೂ ಆಳಕ್ಕಿಳಿಸುವ ಕಾರಣವೊಂದನ್ನು ತಪ್ಪಿಸುತ್ತದೆ. ನೇಕಾರರ ಸಂಘಗಳು ಕಣ್ಣಿನ ತಪಾಸಣೆ ಶಿಬಿರವನ್ನು ಮಗ್ಗದ ಶೆಡ್ಡಿಗೇ ತರಬೇಕು. ಓದುವ ಕನ್ನಡಕ ಪುಸ್ತಕದ ದೂರಕ್ಕೆ ಹೊಂದುವಂಥದ್ದು. ಮಗ್ಗದ ದೂರ ಬೇರೆಯೇ ಇರಬಹುದು. ಹಾಗಾಗಿ ಹಾಸಿನ ಎಳೆ ಕಣ್ಣಿನಿಂದ ಎಷ್ಟು ದೂರ ಇರುತ್ತದೆಂದು ಮಗ್ಗದ ಮುಂದೆ ನಿಂತೇ ಅಳೆದು, ಆ ಅಳತೆಯನ್ನು ವೈದ್ಯರಿಗೆ ಹೇಳಿ.