ಕವಳದಲ್ಲಿ ಸಕ್ಕರೆ ಎಲ್ಲಿದ್ದು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಸಕ್ಕರೆ ಕಾಯಿಲೆಯವರನ್ನು ‘ಏನಾದರೂ ಚಟ ಇದೆಯಾ?’ ಎಂದು ವೈದ್ಯರು ಕೇಳಿದರೆ, ‘ಎಂತದೂ ಇಲ್ಲೆ’ ಎಂದುಬಿಡುವವರೇ ಹೆಚ್ಚು. ಸುಳ್ಳು ಹೇಳುವ ಉದ್ದೇಶವಲ್ಲ. ಕುಡಿತವಿಲ್ಲ, ಬೀಡಿಯಿಲ್ಲ. ಒಳಗೆ ಬರುವ ಮುನ್ನ ಉಗುಳಿದ ಎಲೆಯಡಿಕೆಯ ಕವಳ ಮಾತ್ರ ಲೆಕ್ಕಕ್ಕೆ ಸಿಕ್ಕಿಲ್ಲ. ಬಂದವರಿಗೆ ಆಸರಿಗೆ (ಕುಡಿಯಲು) ಕೊಟ್ಟು ಕವಳದ ಬಟ್ಟಲು ಮುಂದಿಡುವ ಊರಲ್ಲಿ ಅದು ಮರ್ಯಾದೆಯ ಮಾತು. ಅಮಲು ಎಂದರೆ ಯಾರು ಒಪ್ಪುತ್ತಾರೆ?

ಮಾದಕ ವಸ್ತು ಎಂದೊಡನೆ ಗಾಂಜಾ ನೆನಪಾಗುತ್ತದೆ. ಆದರೆ ನಿಕೋಟಿನ್, ಮದ್ಯ, ಕೆಫೀನ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಜನ ಬಳಸುವ, ಮನಸ್ಸಿನ ಮೇಲೆ ಪರಿಣಾಮ ಬೀರುವ ವಸ್ತು ಅಡಿಕೆ. ಇದೇ ಮೂರು ತಾಲ್ಲೂಕುಗಳ ಬೆಳೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಹೆಸರಿನಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಅಮಲೇರಿಸುವ ಸೊಕ್ಕಡಿಕೆ ಬಾಯಿಗೆ ಬಂದು ಮೈ ಬೆವರಿ, ಎದೆ ಹೊಡೆದುಕೊಂಡು, ಕಂಬಕ್ಕೆ ಒರಗಿ ಕೂತ ಅನುಭವ ಇದ್ದವರಿಗೆ ಅದರೊಳಗಿನ ಅರೆಕೋಲಿನ್ ಎಂಬ ರಾಸಾಯನಿಕ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಸಕ್ಕರೆ ಕಾಯಿಲೆಯವರು ಮೊದಲು ಎಚ್ಚರ ವಹಿಸಬೇಕಾದ್ದು ಇಲ್ಲಿಯೇ. ಬೆವರು, ಎದೆಬಡಿತ, ತಲೆ ಹಗುರಾಗುವುದು: ರಕ್ತದಲ್ಲಿ ಸಕ್ಕರೆ ತೀರಾ ಇಳಿದಾಗಲೂ ಇವೇ ಲಕ್ಷಣಗಳು. ಕೊಯ್ಲಿನ ಕಾಲದಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರನ್ನು ನೋಡಿ. ಕವಳ ಹಸಿವನ್ನು ಅಡಗಿಸುತ್ತದೆ, ಊಟ ಮುಂದೆ ಹೋಗುತ್ತದೆ. ಇನ್ಸುಲಿನ್ ಚುಚ್ಚಿಕೊಂಡವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿದವರು ಹೀಗೆ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಇಳಿಯುತ್ತದೆ. ಬೆವರಿದಾಗ ಪಕ್ಕದವರು ‘ಅಡಿಕೆ ಸೊಕ್ಕಿದ್ದು, ಸ್ವಲ್ಪ ಮಲಗು’ ಎಂದು ಬಿಟ್ಟರೆ ಪ್ರಾಣಕ್ಕೇ ಸಂಚಕಾರ.

‘ಕವಳದಲ್ಲಿ ಸಕ್ಕರೆ ಎಲ್ಲಿದ್ದು ಮಾರಾಯಾ?’ ಎನ್ನುವ ವಾದವೂ ಉಂಟು. ಸಕ್ಕರೆ ಇಲ್ಲ, ನಿಜ. ಆದರೆ 1994ರಲ್ಲಿ ಲಂಡನ್ನಿನ ಬಾರ್ಬರಾ ಬೌಚರ್ ಮತ್ತು ಸಂಗಡಿಗರು ಇಲಿಗಳಿಗೆ ಅಡಿಕೆ ತಿನ್ನಿಸಿ ನೋಡಿದಾಗ ಕೆಲವಕ್ಕೆ ಸಕ್ಕರೆ ಅರಗಿಸುವ ಶಕ್ತಿ ಕುಂದಿತ್ತು. ಅಡಿಕೆ ಮುಟ್ಟದ ಅವುಗಳ ಮರಿಗಳಲ್ಲೂ ಕೆಲವಕ್ಕೆ ಹಾಗೇ ಆಗಿತ್ತು. ಇಲಿಯ ಮಾತು ಮನುಷ್ಯರಿಗೆ ಒಪ್ಪುತ್ತದೆಯೇ ಎಂದರೆ, 2004ರಲ್ಲಿ ಪ್ರಕಟವಾದ ತೈವಾನಿನ ಕೀಲುಂಗ್ ನಗರದ ಅಧ್ಯಯನವಿದೆ. ಅಡಿಕೆ ಜಗಿಯುವ ಗಂಡಸರಲ್ಲಿ ಮಧುಮೇಹ ಹೆಚ್ಚಾಗಿತ್ತು, ಜಗಿದ ವರ್ಷ ಮತ್ತು ಪ್ರಮಾಣ ಏರಿದಂತೆ ಅಪಾಯವೂ ಏರಿತ್ತು. ತೈವಾನಿಗರು ಸಾಮಾನ್ಯವಾಗಿ ಅಡಿಕೆಗೆ ತಂಬಾಕು ಬೆರೆಸುವುದಿಲ್ಲ. ‘ದೋಷವೆಲ್ಲ ತಂಬಾಕಿನದು, ನಮ್ಮ ಅಡಿಕೆ ಪಾಪದ್ದು’ ಎನ್ನುವವರಿಗೆ ಇದು ನುಂಗಲು ಕಷ್ಟ.

ತಂಬಾಕಿನ ಎಸಳು ಸೇರಿದರಂತೂ ಕೇಳುವುದೇ ಬೇಡ. ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ, ಇನ್ಸುಲಿನ್ ಕೆಲಸಕ್ಕೂ ಅಡ್ಡಬರುತ್ತದೆ. ಬರಿಗಾಲಲ್ಲಿ ತೋಟಕ್ಕಿಳಿಯುವ ನಮ್ಮವರ ಪಾದ ಸಕ್ಕರೆ ಕಾಯಿಲೆಯಿಂದ ಮೊದಲೇ ಜೋಮು ಹಿಡಿದಿರುತ್ತದೆ. ಉಂಬಳ (ಜಿಗಣೆ) ಕಚ್ಚಿದ್ದು, ಕೊಳೆಯಡಿಕೆಯ ನಡುವೆ ಮುಳ್ಳು ಹೊಕ್ಕಿದ್ದು ತಿಳಿಯುವುದಿಲ್ಲ. ಅಂಥ ಗಾಯಕ್ಕೆ ರಕ್ತವೂ ಸರಿಯಾಗಿ ಹರಿಯದಿದ್ದರೆ ಬೆರಳು ಉಳಿಯುವುದು ಕಷ್ಟ. ಬಾಯಿಯ ಕಥೆಯೂ ಹಾಗೆಯೇ: ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದಿಲ್ಲ.

ಇಷ್ಟು ಬರೆದರೆ ಬೆಳೆಗಾರರಿಗೆ ಸಿಟ್ಟು ಬರುತ್ತದೆ, ಗೊತ್ತು. ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದಾಗಿನಿಂದ ಈ ಜಗಳ ನಡೆದೇ ಇದೆ. ದರದ ಆತಂಕ ನಿಜವಾದದ್ದೇ. ಆದರೆ ಇಲ್ಲಿನ ರಾಶಿ, ಚಾಲಿ ಅಡಿಕೆಯ ಬಹುಪಾಲು ಹೋಗುವುದು ಉತ್ತರ ಭಾರತದ ಪೇಟೆಗೆ. ಘಟ್ಟದ ಮೇಲಿನ ಸಕ್ಕರೆ ಕಾಯಿಲೆಯವರು ದಿನಕ್ಕೆ ನಾಲ್ಕು ಕವಳ ಬಿಟ್ಟರೆ ಶಿರಸಿಯ ಅಡಿಕೆ ವ್ಯಾಪಾರ ಅಲ್ಲಾಡುವುದಿಲ್ಲ. ಬಿಡಲಾಗದವರು ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮಾತ್ರೆಯ ಚೀಟಿಯ ಜೊತೆ ದಿನದ ಕವಳದ ಲೆಕ್ಕವನ್ನೂ ಹೇಳಲಿ. ರಾತ್ರಿ ಸುಲಿಯಲು ಕೂತಾಗ ಬೆವರಿದರೆ ಮೊದಲು ಗ್ಲುಕೋಮೀಟರ್ ತರಿಸಲಿ, ಅದಿಲ್ಲದಿದ್ದರೆ ಒಂದು ಲೋಟ ಸಕ್ಕರೆ ಪಾನಕ.